ಬಾಗಿಲ ಮುಂದಿನ ಬಾವಿ

ಚಪ್ಪಲಿಯ ಸದ್ದು ಅಡುಗೆಮನೆಯವರೆಗೆ ಹೋಗಿ, ಅಲ್ಲಿ ಒಂದು ಕ್ಷಣ ತಡೆದು, ಮತ್ತೆ ಪಡಸಾಲೆಯತ್ತ ಬರತೊಡಗಿತು. ಹೊರಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಶ್ರೀಪಾಲ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಎತ್ತದೆಯೂ ಅವನಿಗೆ ಎಲ್ಲ ಕಾಣುತ್ತಿತ್ತು. ಅಣ್ಣ ಈಗ ಕಂಬಕ್ಕೆ ಕೈ ತಾಗಿಸಿದ, ಈಗ ಟೀವಿಯ ಮುಂದೆ ಹಾದ, ಈಗ ಬಾಗಿಲ ಹತ್ತಿರ ಬಂದ. ಇಲ್ಲಿ ಸದ್ದು ನಿಲ್ಲಬೇಕು. ನಿಂತಿತು. ಮೂಗಿನಿಂದ ಎಳೆದು ಬಿಡುವ ಉಸಿರು ಕೇಳಿಸಿತು. ಆಮೇಲೆ ಚಪ್ಪಲಿಗಳು ತಿರುಗಿ ಮತ್ತೆ ಅಡುಗೆಮನೆಯ ಕಡೆಗೆ ಹೊರಟವು. ಶ್ರೀಪಾಲ ತಾನು ಓದುತ್ತಿದ್ದ ಸಾಲನ್ನು ಹುಡುಕಿದ. ಸಿಗದೆ ಸುದ್ದಿಯನ್ನು ಮೊದಲಿನಿಂದ ಓದತೊಡಗಿದ. ಕಾರ್ಖಾನೆಯ ಚಿಮಣಿಯಿಂದ ಹಾರಿ ಬಂದ ಕಪ್ಪು ಬೂದಿಯ ಎಳೆಯೊಂದು ಪತ್ರಿಕೆಯ ಮೇಲೆ ಇಳಿಯಿತು. ಊದಿದ. ಕಬ್ಬಿನ ಹಂಗಾಮು ಸುರುವಾದ ಮೇಲೆ ಉಗಾರದಲ್ಲಿ ಒಗೆದ ಬಟ್ಟೆಯಿಂದ ಹಿಡಿದು ಹಾಲಿನ ಪಾತ್ರೆಯ ತನಕ ಈ ಬೂದಿ ಇಳಿಯುತ್ತದೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಹೆಂಡತಿ ಜಿನಮತಿ ಬೆಳಿಗ್ಗೆಯೇ ಐಗಳಿಗೆ ಹೋಗಿದ್ದಳು, ತಂಗಿಯ ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆ. ಮನೆ ಬಿಟ್ಟು ಒಂದು ದಿನ ಹೊರಗೆ ಹೋಗದೆ ಎಷ್ಟೋ ತಿಂಗಳಾಗಿದ್ದವು. ಹೋಗು ಎಂದು ಅವನೇ ಹೇಳಿದ್ದ. ಹೇಳಿದ್ದು ಉದಾರತೆಯಿಂದಲೋ, ಅಥವಾ ಈ ಮನೆಯಲ್ಲಿ ಒಂದು ಹಗಲು ಅಣ್ಣನ ಜೊತೆ ತಾನೊಬ್ಬನೇ ಇದ್ದು ನೋಡಬೇಕೆಂಬ ಇನ್ನೇನೋ ಆಸೆಯಿಂದಲೋ, ಈಗ ಕುಳಿತು ಯೋಚಿಸಿದರೆ ಅವನಿಗೆ ಸ್ಪಷ್ಟವಾಗಲಿಲ್ಲ.

ಭೂಪಾಲ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವನು. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಹೊಲ, ಗೊಬ್ಬರದ ಅಂಗಡಿ, ಮನೆ, ತಮ್ಮ, ಎಲ್ಲವೂ ಅವನ ದನಿಯ ಕೆಳಗೆ ಬಂದವು. ಶ್ರೀಪಾಲ ಯಾವ ಶಾಲೆಗೆ ಹೋಗಬೇಕು, ಎಷ್ಟರವರೆಗೆ ಓದಿದರೆ ಸಾಕು, ಯಾರ ಮಗಳನ್ನು ಮಾಡಿಕೊಳ್ಳಬೇಕು ಎಂಬುದನ್ನು ಅವನೇ ಹೇಳಿದ, ಹೇಳಿದಂತೆ ಆಯಿತು. ಜಿನಮತಿಯಂಥ ಹೆಂಡತಿ ಸಿಕ್ಕಳು ಎಂಬುದೂ ಆ ದನಿಯ ಲೆಕ್ಕಕ್ಕೇ ಸೇರಿತು. ಹಾಗಾಗಿ ಅವಳ ಮೇಲಿನ ಪ್ರೀತಿಯನ್ನೂ ಶ್ರೀಪಾಲ ಒಮ್ಮೊಮ್ಮೆ ಅಣ್ಣನಿಂದ ಕಡ ತಂದವನ ಹಾಗೆ ಅನುಭವಿಸುತ್ತಿದ್ದ. ಒಂದು ಮುಂಗಾರಿನಲ್ಲಿ, ಆಗಲೇ ಮಗಳು ಸ್ನೇಹಲ ಶಾಲೆಗೆ ಹೋಗುತ್ತಿದ್ದಳು, ಗಿರಾಕಿಯೊಬ್ಬನಿಗೆ ದ್ರಾಕ್ಷಿಗೆ ಹೊಡೆಯುವ ಔಷಧದ ಬದಲು ಬೇರೆ ಡಬ್ಬಿ ಕೊಟ್ಟನೆಂದು ಭೂಪಾಲ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನರೆದುರು ಶ್ರೀಪಾಲನ ಕೆನ್ನೆಗೆ ಹೊಡೆದಿದ್ದ. ಯಾರೂ ನಗಲಿಲ್ಲ. ಗಿರಾಕಿ ತಲೆ ತಗ್ಗಿಸಿ ಡಬ್ಬಿಯ ಮೇಲಿನ ಅಕ್ಷರ ಓದುತ್ತ ನಿಂತ. ಹೊಡೆತಕ್ಕಿಂತ ಆ ಮನುಷ್ಯನ ಓದುವ ನಟನೆಯೇ ಶ್ರೀಪಾಲನಲ್ಲಿ ಇಷ್ಟು ವರ್ಷ ಉಳಿದುಬಂದಿತ್ತು. ಈಗಲೂ ಕೈಯಲ್ಲಿ ಪತ್ರಿಕೆ ಹಿಡಿದು ಓದದೆ ಕುಳಿತಾಗ ಅವನಿಗೆ ಆ ಗಿರಾಕಿಯ ಬಾಗಿದ ಕತ್ತು ನೆನಪಾಗುತ್ತದೆ.

ಅಂಥ ಭೂಪಾಲ ಎರಡು ವರ್ಷದ ಹಿಂದೆ ಮೊದಲು ಹೆಸರುಗಳನ್ನು ಮರೆತ, ಆಮೇಲೆ ಮುಖಗಳನ್ನು, ಆಮೇಲೆ ಕುಳಿತುಕೊಳ್ಳುವುದನ್ನು. ನಡೆಯುವುದೊಂದೇ ಉಳಿಯಿತು. ಮಿರಜಿನ ಡಾಕ್ಟರು, "ತಡೀಬ್ಯಾಡ್ರಿ. ತಡದಷ್ಟೂ ಹೆಚ್ಚಾಗತೈತಿ. ಜೋಡೀಲೆ ನಡೀರಿ, ಕಾಲ ನೋಡ್ಕೋರಿ, ನಡಕೋತನ ಏನರ ತಿನ್ನಾಕ ಕೊಡ್ರಿ" ಎಂದಿದ್ದರು. ಜಿನಮತಿ ಅದನ್ನು ಅಕ್ಷರಶಃ ಪಾಲಿಸಿದಳು. ಚಪಾತಿಯನ್ನು ಸುರುಳಿ ಸುತ್ತಿ ನಡೆಯುತ್ತಿರುವ ಭಾವನ ಕೈಗಿಡುವಳು. ಬಾಳೆಹಣ್ಣು ಸುಲಿದು ಕೊಡುವಳು. ಸಂಜೆ ಬಿಸಿನೀರಿನಲ್ಲಿ ಅವನ ಕಾಲಿಡಿಸಿ, ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚುವಳು. ಹೊತ್ತು ಸಿಕ್ಕಾಗೆಲ್ಲ ಅವನ ಜೊತೆ ಬೀದಿಗೂ ಹೋಗುವಳು. ಶ್ರೀಪಾಲ ಮಾತ್ರ ಹೋಗಲಿಲ್ಲ. ಅಂಗಡಿ ಇದೆ ಎಂದ. ಅಣ್ಣನ ಹಿಂದೆ ಹಿಂದೆ ನಡೆಯುವುದನ್ನು ಊರು ಇಷ್ಟು ವರ್ಷ ನೋಡಿದೆ, ಇನ್ನೂ ನೋಡಬೇಕೆ ಎಂಬ ಮಾತು ನಾಲಗೆಯ ತನಕ ಬಂದು ನಿಂತಿತ್ತು. ಭೂಪಾಲ ಕಣ್ಣು ತಪ್ಪಿಸಿ ಹೊರಗೆ ಬಿದ್ದಾಗಲೆಲ್ಲ ಯಾರಾದರೂ ಮೋಟಾರ್‌ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ತಂದುಬಿಡುತ್ತಿದ್ದರು: ಕಾರ್ಖಾನೆಯ ಗೇಟಿನಿಂದ, ಸ್ಟೇಶನ್ನಿನಿಂದ, ಒಮ್ಮೆ ಯಾರದೋ ಮನೆಯ ಪಡಸಾಲೆಯಿಂದ. ಅಲ್ಲಿ ಹೋಗಿ, ಆ ಮನೆಯ ಹೆಂಗಸನ್ನು ಗದರಿಸಿ ಮಜ್ಜಿಗೆ ತರಿಸಿಕೊಂಡು ಕುಡಿದಿದ್ದನಂತೆ. ತಂದುಬಿಟ್ಟವರು ಶ್ರೀಪಾಲನ ಮುಖ ನೋಡಿ, "ಸಂಭಾಳಸ್ರಿ ಸಾವಕಾರ್ರ" ಎನ್ನುವರು. ಆ ಮಾತಿನ ಮೃದುತ್ವವನ್ನು ಅವನು ಸಹಿಸಲಾರ.

ಉಪಾಯ ಹೇಳಿದ್ದು ನಿಪ್ಪಾಣಿಯಿಂದ ಸ್ನೇಹಲ, ಫೋನಿನಲ್ಲಿ. "ಪಪ್ಪಾ, ಬಾಗಲದ ಮುಂದ ಕರೀ ಮ್ಯಾಟ್ ಹಾಸ್ರಿ. ಅಂಥಾವ್ರಿಗೆ ಅದು ತಗ್ಗಿನ ಗತೆ ಕಾಣತೈತಂತ, ದಾಟೂದಿಲ್ಲಂತ. ಮೊಬೈಲ್‌ನ್ಯಾಗ ನೋಡೀನಿ." ಜಿನಮತಿಗೆ ಅದು ಸೇರಲಿಲ್ಲ. "ಮನುಷ್ಯಾನ್ನ ಅಂಜಿಸಿ ಕುಂಡರಸೂದೇನ್ರಿ? ಕೀಲಿ ಹಾಕೂದಕಿಂತ ಇದು ಕೆಟ್ಟ," ಎಂದಳು. ಶ್ರೀಪಾಲ ಕಾಗವಾಡಕ್ಕೆ ಹೋಗಿ, ಚೌಕಟ್ಟಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಬಾಗಿಲನ್ನು ಪೂರ್ತಿ ತುಂಬುವಂಥ, ಹಾರಿ ದಾಟಲಾಗದಷ್ಟು ಅಗಲದ ಕಪ್ಪು ಚಾಪೆ ತಂದು, ಹೊಸ್ತಿಲಿನ ಒಳಬದಿಗೆ ಹಾಸಿದ. ಭೂಪಾಲ ಎಂದಿನಂತೆ ಬಂದ. ಅಂಚಿಗೆ ಬಂದವನು ನಿಂತ. ಬಗ್ಗಿದ. ಕೈ ಹಿಂದಕ್ಕೆ ಚಾಚಿ ಗೋಡೆ ಹುಡುಕಿ, ಹಿಡಿದು, ಒಂದೊಂದೇ ಹೆಜ್ಜೆ ಹಿಂದೆ ಸರಿದ. ಆ ಕ್ಷಣ ಶ್ರೀಪಾಲನಿಗೆ ಆದದ್ದು ಸಮಾಧಾನವಷ್ಟೇ ಅಲ್ಲ. ಅಣ್ಣನ ಮುಖದ ಮೇಲೆ ಹೆದರಿಕೆಯನ್ನು ಅವನು ಜೀವನದಲ್ಲಿ ಮೊದಲ ಸಲ ನೋಡಿದ್ದ. ನೋಡಿ, ಒಳಗೆ ಏನೋ ಒಂದು ಮೆಲ್ಲಗೆ ಕಾಲು ಚಾಚಿ ಮಲಗಿದಂತಾಯಿತು. ಆಮೇಲೆ ಅವನು ಬೇಕಿಲ್ಲದಿದ್ದರೂ ಒಳಗೂ ಹೊರಗೂ ಓಡಾಡತೊಡಗಿದ. ಅಣ್ಣ ಅಂಚಿನಲ್ಲಿ ನಿಂತಿರುವಾಗಲೇ ಆ ಕಪ್ಪಿನ ಮೇಲೆ ಕಾಲಿಟ್ಟು, ಸಲೀಸಾಗಿ ದಾಟಿ ಹೋಗುವುದು. ಹಾಗೆ ದಾಟುವಾಗ ಒಂದು ಸಲವೂ ಅಣ್ಣನ ಕಣ್ಣು ನೋಡಿರಲಿಲ್ಲ. ಜಿನಮತಿ ಇದನ್ನು ನೋಡುತ್ತಿದ್ದಳು.

ಬಿಸಿಲು ಕಟ್ಟೆಯ ಅಂಚಿಗೆ ಬಂದಿತ್ತು. ಹಿಂದಿನ ಓಣಿಯ ಸಂಗ್ರಾಮ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು, ಊಟಕ್ಕೆ ಮನೆಗೆ ಹೊರಟವನು ನಿಂತ.

"ಏನ್ರಿ, ಇವತ್ತ ಅಂಗಡಿ ಬಂದ್?"

"ಮನ್ಯಾಗ ಆಕಿ ಇಲ್ಲ. ಐಗಳಿಗೆ ಹೋಗ್ಯಾಳ."

"ಅಣ್ಣಾರು ನಾಕೈದ್ ದಿನ ಆತು, ಫ್ಯಾಕ್ಟರಿ ಕಡೆ ಕಾಣಲಿಲ್ಲ. ಆರಾಮ ಅದಾರಲ್ಲ? ನಮ್ಮ ಹುಡುಗೂರೆಲ್ಲಾ ಕೇಳಾಕತ್ತಿದ್ರು. ದಿನಾ ಬಂದ್ ಗಾಡಿ ಸಾಲಿನ ಮುಂದ ನಿಂತು, ಹಗ್ಗಾ ಬಿಗಿ ಇಲ್ಲಂತ ಬೈತಿದ್ರಿ ನಮಗ." ಸಂಗ್ರಾಮ ನಕ್ಕ. "ಖರೇನ ಬಿಗಿ ಇರತಿರಲಿಲ್ರಿ."

"ಈಗ ಹೊರಗ ಬರೂದಿಲ್ಲ," ಎಂದ ಶ್ರೀಪಾಲ. ತನ್ನ ದನಿಯಲ್ಲಿದ್ದ ತೃಪ್ತಿಯನ್ನು ತಾನೇ ಕೇಳಿ, ಪತ್ರಿಕೆ ಮಡಚಿದ. ಸಂಗ್ರಾಮ ಬಾಗಿಲ ಕಡೆ ಕತ್ತು ಚಾಚಿ ನೋಡಿದ. ಒಳಗೆ ಕತ್ತಲಿನಲ್ಲಿ ಬಿಳಿ ಧೋತರ ಹಾದುಹೋಯಿತು. "ನಡ್ಯಾಕತ್ತಾರಲ್ಲ," ಎಂದು ಹೇಳಿ ಊಟಕ್ಕೆ ಹೋದ.

ಅವನು ಹೋದ ಮೇಲೆ ಸದ್ದು ಬಾಗಿಲಲ್ಲಿ ನಿಂತಿತು. ಈ ಸಲ ತಿರುಗಲಿಲ್ಲ. "ಹೊರಗ ಯಾರರ ಅದೀರೇನ್ರಿ?" ಎಂದಿತು ಅಣ್ಣನ ದನಿ. ಶ್ರೀಪಾಲ ಅಲುಗಲಿಲ್ಲ. "ಈ ಕಡೆ ಬರಬ್ಯಾಡ್ರಿ ಮತ್ತ. ಇಲ್ಲಿ ಬಾವಿ ತಗದಾರ. ಮ್ಯಾಲ ಏನೂ ಮುಚ್ಚಿಲ್ಲ. ಸಣ್ಣ ಹುಡುಗೂರು ಇರ್ತಾವು, ಹೇಳ್ರಿ ಯಾರಿಗರ." ಬಾವಿ ಎಂಬ ಮಾತು ಕೇಳಿದ ಕೂಡಲೇ ಶ್ರೀಪಾಲನಿಗೆ ಹೊಲದ ಬಾವಿಯ ಪಾಚಿಯ ವಾಸನೆ ಬಂತು. ಅವನಿಗಾಗ ಎಂಟೋ ಒಂಬತ್ತೋ. ಈಜು ಕಲಿಸುತ್ತೇನೆಂದು ಭೂಪಾಲ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ, ಮಾತಾಡಿಸುತ್ತ ಮಾತಾಡಿಸುತ್ತ ಅಂಚಿಗೆ ಕರೆತಂದು ನೂಕಿದ್ದ. ನೀರು ಮೂಗಿಗೆ ಹೋಗಿ ಮೇಲೆ ಬಂದಾಗ ಅಣ್ಣ ಮೆಟ್ಟಿಲ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದ. ಕೈ ಚಾಚಿರಲಿಲ್ಲ. ಅಥವಾ ಚಾಚಿದ್ದನೇ? ಶೇಂಗಾದ ನೆನಪು ಎಷ್ಟು ಗಟ್ಟಿಯಾಗಿತ್ತೆಂದರೆ ಅದರ ಆಚೆ ಏನಿತ್ತೆಂದು ಅವನು ಎಂದೂ ನೋಡಲು ಹೋಗಿರಲಿಲ್ಲ.

ನೀರು ಕುಡಿಯಬೇಕು ಎಂದುಕೊಂಡು ಅವನು ಎದ್ದ. ಹೊಸ್ತಿಲು ದಾಟಿ ಚಾಪೆಯ ಮೇಲೆ ಕಾಲಿಟ್ಟ. ಇನ್ನೊಂದೆರಡು ಹೆಜ್ಜೆಗೆ ಆಚೆ ಹೋಗಬಹುದಾಗಿತ್ತು. ಹೋಗಲಿಲ್ಲ. ನಟ್ಟನಡುವೆ ನಿಂತ, ಮತ್ತು ಅಲ್ಲಿಂದ ಮೊದಲ ಸಲ ತಲೆ ಎತ್ತಿ ಅಣ್ಣನ ಕಣ್ಣು ನೋಡಿದ.

ಭೂಪಾಲನ ಬಾಯಿ ತೆರೆದುಕೊಂಡಿತು. "ಏ ತಮ್ಮಾ!" ಎಂದು ಕೂಗಿದ. ಈ ಭಾಗದಲ್ಲಿ ತನಗಿಂತ ಚಿಕ್ಕವನಾದ ಯಾರನ್ನು ಬೇಕಾದರೂ ಹಾಗೆ ಕರೆಯುತ್ತಾರೆ; ಆದರೂ ಶ್ರೀಪಾಲನಿಗೆ ಅದು ತನ್ನನ್ನೇ ಗುರುತಿಸಿ ಕರೆದಂತೆ ಕೇಳಿಸಿತು. "ಏ ತಮ್ಮಾ, ಬಿದ್ದೆಲ್ಲೋ! ಅಳ್ಳಾಡಬ್ಯಾಡ, ಅಲ್ಲೇ ಏನರ ಹಿಡಕೊಂಡ್ ನಿಂದ್ರು." ಹೆಗಲ ಮೇಲಿನ ಟವೆಲ್ಲನ್ನು ಎಳೆದು, ಒಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡು, ಅಂಚಿನಲ್ಲಿ ಮಂಡಿಯೂರಿ ಇನ್ನೊಂದು ತುದಿಯನ್ನು ಎಸೆದ. ಅದು ಶ್ರೀಪಾಲನ ಪಾದದ ಬಳಿ ಬಿತ್ತು. "ಹಿಡಿ! ಹಿಡಿಯೋ!" ಬಗ್ಗಿ ಹಿಡಿದರೆ ಮುಗಿಯುತ್ತಿತ್ತು. ಆಟವಾಗಿಯಾದರೂ ಹಿಡಿಯಬಹುದಾಗಿತ್ತು. ಶ್ರೀಪಾಲನ ಕೈಗಳು ಮೈಗೆ ಅಂಟಿಕೊಂಡೇ ಉಳಿದವು. ಇನ್ನೂ ಸ್ವಲ್ಪ ಹೊತ್ತು, ಎಂದು ಅವನೊಳಗೆ ಯಾರೋ ತಣ್ಣಗೆ ಹೇಳುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತು ಹೀಗೇ ಕೂಗಲಿ. ತನಗೇನು ಬೇಕಾಗಿತ್ತು ಎಂದು ಆಮೇಲೆ ಯೋಚಿಸಿದಾಗ, ಅಣ್ಣ ಅಲ್ಲಿಂದ ಹೆದರಿ ಹಿಂದೆ ಸರಿಯುವುದನ್ನು, ಬಿದ್ದವನನ್ನು ಬಿಟ್ಟು ಹೋಗುವುದನ್ನು ನೋಡಬೇಕಾಗಿತ್ತು ಎಂದು ಅವನಿಗೆ ಹೊಳೆಯಿತು. ಹಾಗಾಗಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಭೂಪಾಲ ಹಿಂದೆ ಸರಿಯಲಿಲ್ಲ. ಎದ್ದು ನಿಂತ. ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿಯನ್ನು ಒತ್ತಿ ತೆಗೆದ, ನೀರಿಗೆ ಇಳಿಯುವವರು ತೆಗೆಯುವಂತೆ. ಧೋತರವನ್ನು ಮೇಲೆತ್ತಿ ಕಟ್ಟಿದ. ಕಣ್ಣು ಗಟ್ಟಿಯಾಗಿ ಮುಚ್ಚಿ, ಉಸಿರು ಹಿಡಿದು, ಆ ಕಪ್ಪಿನೊಳಗೆ ಕಾಲಿಟ್ಟ.

ಆಳವನ್ನು ನಿರೀಕ್ಷಿಸಿದ್ದ ಕಾಲಿಗೆ ನೆಲ ಬೇಗ ಸಿಕ್ಕಿತು. ಮಂಡಿ ಮಡಿಯಿತು, ಮೈಯೆಲ್ಲ ಮುಂದಕ್ಕೆ ಕುಸಿದು, ಹಣೆ ಬಾಗಿಲ ಚೌಕಟ್ಟಿನ ಮೂಲೆಗೆ ಬಡಿಯಿತು. ಕಟ್ಟಿಗೆಗೆ ಎಲುಬು ತಾಗಿದ ಸದ್ದು. ಶ್ರೀಪಾಲ ಹಿಡಿಯಲು ಬಗ್ಗುವ ಮೊದಲೇ ಎರಡು ಕೈಗಳು ಅವನ ಮೀನಖಂಡವನ್ನು ತಬ್ಬಿದ್ದವು. "ಸಿಕ್ಕಿ," ಎಂದ ಭೂಪಾಲ, ಏದುಸಿರಿನ ನಡುವೆ. "ಅಂಜಬ್ಯಾಡ. ಹಿಡದೇನಿ ನಾ." ಹಣೆಯಿಂದ ರಕ್ತ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ಬದಿಗೆ ಇಳಿಯಿತು. "ಅಣ್ಣಾ, ಬಿಡು, ಏಳು, ರಕ್ತ ಬರಾಕತ್ತೇತಿ," ಎಂದ ಶ್ರೀಪಾಲ. ಕೈಗಳು ಬಿಡಲಿಲ್ಲ. ಬಿಡಿಸಿಕೊಳ್ಳಲು ಎಳೆದಷ್ಟೂ ಅವು ಬಿಗಿಯಾದವು, ಬಿಟ್ಟರೆ ಅವನು ಮುಳುಗುತ್ತಾನೆಂಬಂತೆ. ಕೊನೆಗೆ ಶ್ರೀಪಾಲನೇ ಚಾಪೆಯ ಮೇಲೆ ಕುಳಿತುಬಿಟ್ಟ. ಆಗ ಹಿಡಿತ ಸಡಿಲಿತು. ಅಣ್ಣನ ಕೈ ಅವನ ತೋಳು, ಬೆನ್ನು, ಎದೆ ಸವರಿ ನೋಡಿತು. "ಅಂಗಿ ಎಲ್ಲಾ ತೊಯ್ದೈತಿ ನಿಂದು," ಎಂದ. ಅಂಗಿಯ ಮೇಲೆ ಆ ಬೆರಳುಗಳ ಕೆಂಪು ಮೂಡಿತ್ತು.

ಗಾಯಕ್ಕೆ ಟವೆಲ್ ಒತ್ತಿ ಹಿಡಿದು, ದವಾಖಾನೆಗೆ ಹೊರಡಿಸಲು ಅವನು ಅಣ್ಣನಿಗೆ ಚಪ್ಪಲಿ ತೊಡಿಸಿದ. ಆ ಕಾಲುಗಳನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಹಿಮ್ಮಡಿಯ ಬಿರುಕುಗಳಲ್ಲಿ ಎಣ್ಣೆ ಇಂಗಿತ್ತು. ಹೆಬ್ಬೆರಳಿನ ಪಕ್ಕ ಒಡೆದ ಗುಳ್ಳೆಯ ಮೇಲೆ ಜಿನಮತಿ ಸಣ್ಣ ಹತ್ತಿಯಿಟ್ಟು ಪಟ್ಟಿ ಅಂಟಿಸಿದ್ದಳು. ಇಷ್ಟು ನಡೆದ ಕಾಲು ಹೀಗಿರುತ್ತದೆಯೇ ಎಂದು, ಯಾರದೋ ಕಾಲು ನೋಡುವವನ ಹಾಗೆ ಶ್ರೀಪಾಲ ನೋಡಿದ. ಚಾಪೆ ಮುದುಡಿ ಬದಿಗೆ ಸರಿದಿತ್ತು. ಭೂಪಾಲ ಅದನ್ನು ಗಮನಿಸದೆ ಹೊಸ್ತಿಲು ದಾಟಿ ಬೀದಿಗಿಳಿದ.

ದವಾಖಾನೆಯ ಬೆಂಚಿನ ಮೇಲೆ ಒಂದಿಬ್ಬರು ಹೆಂಗಸರು ಕುಳಿತಿದ್ದರು; ರಕ್ತ ನೋಡಿ ಮೊದಲು ಒಳಗೆ ಬಿಟ್ಟರು. ಹೊಲಿಗೆ ಹಾಕುವಷ್ಟು ಹೊತ್ತು ಭೂಪಾಲನನ್ನು ಕೂಡಿಸುವುದೇ ಕಷ್ಟವಾಯಿತು. ಶ್ರೀಪಾಲ ಹಿಂದಿನಿಂದ ಅವನ ಎರಡೂ ಭುಜ ಹಿಡಿದು ನಿಂತ. ಅಂಗಿಯ ಒಳಗಿನ ಎಲುಬು ಕೈಗೆ ಹತ್ತಿತು. "ಹೆಂಗ ಆತ್ರಿ?" ಎಂದು ಡಾಕ್ಟರು ಸೂಜಿಯಿಂದ ಕಣ್ಣೆತ್ತದೆ ಕೇಳಿದರು.

"ಹೊಸ್ತಲಾ ಎಡವಿದ್ರು," ಎಂದ ಶ್ರೀಪಾಲ. ಅಷ್ಟು ಸುಲಭವಾಗಿ ಬಂತು ಮಾತು.

"ಹೊಸ್ತಲಾ ಅಲ್ರಿ," ಎಂದ ಭೂಪಾಲ. ಹಳೆಯ ದನಿಯ ಒಂದು ತುಣುಕು, ಅಂಗಡಿಯ ಕಟ್ಟೆಯ ಮೇಲೆ ಗಿರಾಕಿಗಳು ಕೇಳುತ್ತಿದ್ದ ದನಿ. "ಇವ್ರು ಬಾವ್ಯಾಗ ಬಿದ್ದಿದ್ರು. ಕೈ ಕೊಟ್ರ ಹಿಡೀಲಿಲ್ಲ. ಅಂಜಿ ಗರಾ ಬಡದಂಗ ನಿಂತಿದ್ರು. ನಾನ ಇಳದು ಹಿಡದ್ನಿ."

ಡ್ರೆಸಿಂಗ್ ಟ್ರೇ ಹಿಡಿದ ನರ್ಸಬಾಯಿ ನಗೆ ತಡೆಯಲು ತುಟಿ ಕಚ್ಚಿದಳು. ಡಾಕ್ಟರು, "ಹೌದೇನ್ರಿ? ಪುಣ್ಯಾದ ಕೆಲಸ ಮಾಡೀರಿ ಹಂಗಾರ," ಎಂದು ಮುದುಕರ ಜೊತೆ ಮಾತಾಡುವ ಜೋರು ದನಿಯಲ್ಲಿ ಹೇಳಿ, ಶ್ರೀಪಾಲನ ಕಡೆ ಕಣ್ಣು ಮಿಟುಕಿಸಿದರು. ಅವನೂ ನಗಬೇಕಾಗಿತ್ತು, ನಕ್ಕರೆ ಮುಗಿಯುತ್ತಿತ್ತು. ಎಲ್ಲರೂ ಅದಕ್ಕಾಗಿ ಕಾಯುತ್ತಿದ್ದರು. ಅವನು ಗೋಡೆಯ ಮೇಲೆ ಅಂಟಿಸಿದ್ದ ಲಸಿಕೆಯ ಪೋಸ್ಟರನ್ನು ಓದತೊಡಗಿದ, ಓದುತ್ತಿಲ್ಲವೆಂದು ತಿಳಿದು ನಿಲ್ಲಿಸಿದ.

"ಹೌದ್ರಿ," ಎಂದ. "ಬಿದ್ದಿದ್ನಿ."

ಡಾಕ್ಟರರ ಕೈ ಒಂದು ಕ್ಷಣ ತಡೆಯಿತು. ಅವನ ಅಂಗಿಯ ಮೇಲಿನ ಬೆರಳ ಗುರುತುಗಳನ್ನು ನೋಡಿದರು. ದಾರ ಕತ್ತರಿಸಿದರು.

ಹೊರಗೆ ಬಂದ ಭೂಪಾಲ ಮನೆಯ ಕಡೆ ತಿರುಗಲಿಲ್ಲ. ಶ್ರೀಪಾಲ ಮೊಳಕೈ ಹಿಡಿದು ತಿರುಗಿಸಲು ನೋಡಿದ, ಆ ಮೈ ಗಟ್ಟಿಯಾಯಿತು, ಬಿಟ್ಟುಬಿಟ್ಟ. ಹಿಂದೆ ನಡೆಯತೊಡಗಿದವನು, ಸ್ವಲ್ಪ ದೂರ ಹೋದ ಮೇಲೆ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬರುವುದನ್ನು ಕಂಡು ಗಾಡಿಗಳು ಹಾಯುವ ಬದಿಯಿಂದ ಬಂದು ಅಣ್ಣನ ಪಕ್ಕಕ್ಕೆ ಸೇರಿದ. ಕಬ್ಬಿನ ಸೋಗೆ ಇಬ್ಬರ ಭುಜವನ್ನೂ ಸವರಿ ಹೋಯಿತು. ಚಹಾದ ಅಂಗಡಿಯಲ್ಲಿ ಕುಳಿತವರು ನೋಡಿದರು. ನೋಡುತ್ತಾರೆಂದು ಇಷ್ಟು ದಿನ ಹೆದರಿದ್ದ ನೋಟ ಇದೇ. ಹಾದುಹೋಗಲು ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನಿಗೆ ತೊಂದರೆ ಕೊಟ್ಟದ್ದು ಬೇರೆ: ಅಣ್ಣನ ಹೆಜ್ಜೆಗೆ ತನ್ನ ಹೆಜ್ಜೆ ಹೊಂದುತ್ತಿರಲಿಲ್ಲ. ಭೂಪಾಲ ಉದ್ದ ಹೆಜ್ಜೆ ಹಾಕುತ್ತಿದ್ದ, ತಡೆಯಿಲ್ಲದೆ, ಎಲ್ಲಿಗೋ ಹೊತ್ತಾಗಿದೆ ಎಂಬಂತೆ. ಶ್ರೀಪಾಲನಿಗೆ ಪಕ್ಕೆಯಲ್ಲಿ ನೋವು ಎದ್ದಿತು. ಹಗಲೆಲ್ಲ ಕುಳಿತೇ ಬದುಕಿದ ಮೈ. ಬಾವಿಯಲ್ಲಿ ಆ ದಿನ ತನ್ನನ್ನು ಮೇಲೆ ತಂದವರು ಯಾರು ಎಂದು ನೆನೆಯಲು ನೋಡಿದ. ಮೆಟ್ಟಿಲಿತ್ತು, ಶೇಂಗಾದ ಸಿಪ್ಪೆಯಿತ್ತು. ಕಂಕುಳ ಕೆಳಗೆ ಯಾರದೋ ಕೈಯಿತ್ತೋ ಇಲ್ಲವೋ ಹೇಳಲಾಗಲಿಲ್ಲ. ಅಣ್ಣನನ್ನು ಕೇಳಬಹುದಾಗಿದ್ದ ವರ್ಷಗಳು ಎಷ್ಟೋ ಇದ್ದವು.

"ನಿಮಗ ಯಾವ ಕಡೆ ಹೋಗಬೇಕ್ರಿ?" ಎಂದು ಭೂಪಾಲ ನಡೆಯುತ್ತಲೇ ಕೇಳಿದ.

"ನೀವು ಹೊಂಟ ಕಡೇನ ರಿ."

"ಹಂಗಾರ ಬರ್ರಿ," ಎಂದು ಭೂಪಾಲ ಒಪ್ಪಿಗೆ ಕೊಟ್ಟವನಂತೆ ಹೇಳಿದ.

ಸ್ಟೇಶನ್ ಮುಟ್ಟಿ, ಬಸದಿಯ ಹಿಂದಿನ ಓಣಿ ಸುತ್ತಿ, ಅವರು ಮತ್ತೆ ಮನೆಯಿದ್ದ ಬೀದಿಗೆ ಬಂದಾಗ ಬಿಸಿಲು ಹಳದಿಯಾಗಿತ್ತು. ಜಿನಮತಿ ಆಗಷ್ಟೇ ಬಸ್ಸಿನಿಂದ ಇಳಿದು ಬಂದಿರಬೇಕು, ಕೈಚೀಲ ಹಿಡಿದು, ತೆರೆದ ಬಾಗಿಲ ಮುಂದೆ, ಮುದುಡಿ ಬಿದ್ದ ಚಾಪೆಯನ್ನೂ ನೆಲದ ಮೇಲಿನ ಕಲೆಯನ್ನೂ ನೋಡುತ್ತ ನಿಂತಿದ್ದಳು. ತಿರುಗಿ ಇವರನ್ನು ಕಂಡು ಕಟ್ಟೆಯಿಂದ ಇಳಿದು ಬಂದಳು. ಭೂಪಾಲ ನಿಲ್ಲದೆ ಅವಳ ಪಕ್ಕದಿಂದ ದಾಟಿ ಹೋದ.

"ಏನ್ರಿ ಇದು? ಹಣಿಗೆ ಏನಾತು? ಬಿದ್ರೇನು?"

"ಬಿದ್ದ. ನಾ ಬೀಳಿಸಿದ್ನಿ," ಎಂದ ಶ್ರೀಪಾಲ. ಅವನಿಗೆ ಉಸಿರು ಹತ್ತಿತ್ತು. "ಬಂದ್ ಹೇಳ್ತೀನಿ. ಎಲ್ಲಾ ಹೇಳ್ತೀನಿ."

ಅವಳು ಅವನ ಅಂಗಿಯನ್ನು, ಆಮೇಲೆ ಮುಖವನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ತಾನು ಅವಳಿಗೆ ಹೇಳಬೇಕಾದದ್ದು ಬಹಳವೇನೂ ಉಳಿದಿಲ್ಲವೆಂದು ಅವನಿಗೆ ಅನ್ನಿಸಿತು. ಚೀಲದಿಂದ ನೀರಿನ ಬಾಟಲಿ ತೆಗೆದು ಅವನ ಕೈಗೆ ಕೊಟ್ಟಳು.

"ಕುಡಸ್ರಿ ಅವ್ರಿಗೆ. ಹೊತ್ತು ಮುಳುಗೂದ್ರಾಗ ಬರ್ರಿ, ಊಟಾ ಆಗಬೇಕು."

"ಅವ್ರು ಮನಿ ಕಡೆ ತಿರುಗಿದಾಗ ಬರ್ತೀವಿ," ಎಂದ ಅವನು. ಭೂಪಾಲ ಆಗಲೇ ಬೀದಿಯ ತಿರುವು ಮುಟ್ಟಿದ್ದ. ಶ್ರೀಪಾಲ ಪಕ್ಕೆಯ ಮೇಲೆ ಕೈಯೊತ್ತಿಕೊಂಡು, ಅವನನ್ನು ಕೂಡಿಕೊಳ್ಳಲು ಬೇಗ ಬೇಗ ನಡೆದ.